ಸಿಂಬಿ ಹಿಡಿದವರಿಗೇ ಮಾತು

ಮೊನ್ನೆ ಸೋಮವಾರ ಹಿತ್ತಲಲ್ಲಿ ಕುಳಿತು ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ಬೆಳಗುತ್ತಿದ್ದೆ. ತಳಕಲ್ಲಿನಿಂದ ಬಂದ ಬೆಣ್ಣೆ ನೀಲವ್ವ ಬುಟ್ಟಿ ಇಳಿಸುವ ಮೊದಲೇ ಸುದ್ದಿ ಇಳಿಸಿದಳು.

“ಅಕ್ಕಾರ, ನಿಮ್ಮ ತಂಗಿ ಗಂಗವ್ವಗ ಎರಡೂ ಕಣ್ಣಿಗೆ ಪೊರಿ ಬಂದೈತ್ರಿ. ಮಂದೀನ ದನೀ ಮ್ಯಾಲೆ ಗುರ್ತು ಹಿಡೀತಾಳ. ‘ಅಕ್ಕನ ಮಾರಿ ಒಂದೀಟು ಕಾಣೂದರಾಗ ಬಂದು ಹೋಗಂತ ಹೇಳು’ ಅಂದಾಳ.”

ಕೈ ಕೊಡದ ಮೇಲೆಯೇ ನಿಂತಿತು. ಕೊಪ್ಪಳದಿಂದ ತಳಕಲ್ಲು ಎಷ್ಟು ದೂರ? ರೈಲು ಹತ್ತಿ ಎರಡು ಸಲ ಎಲೆ-ಅಡಿಕೆ ಹಾಕಿಕೊಂಡರೆ ಬಂದುಬಿಡುತ್ತದೆ. ನಮ್ಮ ಯಜಮಾನರು ಅದೇ ದಾರಿಯಲ್ಲಿ ಗಾರ್ಡ್ ಆಗಿ ತಲೆ ಬೆಳ್ಳಗೆ ಮಾಡಿಕೊಂಡವರು. ನಾನು? ಆ ರೈಲಿನ ಹೊಗೆಯನ್ನು ಅಂಗಳದಿಂದ ನೋಡಿದವಳು.

ತಳಕಲ್ಲಿಗೆ ಹೋಗೋಣ ಎಂದಾಗಲೆಲ್ಲ ಮೊದಲು “ಡ್ಯೂಟಿ” ಎನ್ನುತ್ತಿದ್ದರು. ರಿಟೈರ್ ಆದರು. ಈಗ ಯುದ್ಧ. “ಗಾಡಿ ತುಂಬ ಸೋಲ್ಜರ್ ಮಂದಿ, ಹೆಣ್ಮಕ್ಕಳು ಎಲ್ಲಿ ಹತ್ತೂದು?” ಎಂದು ಶುರುವಾದದ್ದು ಯಾವುದೋ ಹಳೆಯ ಗೂಡ್ಸ್ ಗಾಡಿಯ ಕತೆಯಲ್ಲಿ ಮುಗಿಯುತ್ತದೆ. ನನ್ನ ಮಾತು ನಡುವೆ ಎಲ್ಲೋ ಇಳಿದು ಹೋಗಿರುತ್ತದೆ. (ಅವರು ಕುಡಿಯುವವರಲ್ಲ, ಕೈ ಎತ್ತುವವರಲ್ಲ. ತಾಯಿ ಹುಲಿಗೆಮ್ಮ ಅಷ್ಟು ಕೊಟ್ಟಿದ್ದಾಳೆ. ಮಾತು ಮಾತ್ರ ತುಸು ಹೆಚ್ಚಾಗಿ ಕೊಟ್ಟಳು.)

ಅಳುತ್ತ ಕೂತರೆ ಹಂಡೆ ತುಂಬುತ್ತದೆಯೇ? ಕೊಡ ತೊಳೆದು ಬಾವಿಗೆ ಹೊರಟೆ. ನೋಡಿದರೆ ಗೂಟದಲ್ಲಿ ಸಿಂಬಿ ಇಲ್ಲ. ತಲೆಯ ಮೇಲೆ ಕೊಡ ಕೂರಲೆಂದು ಹಳೆ ಸೀರೆ ಸುತ್ತಿ ನಾನೇ ಹೊಲಿದ ಸಿಂಬಿ ಅದು.

ಯಾರು ಒಯ್ದರೆಂದು ಕೇಳಬೇಕಾಗಿರಲಿಲ್ಲ. ಸೋಮವಾರ ನಮ್ಮ ಮನೆಯ ಮುಂದಿನ ಬೇವಿನ ಕಟ್ಟೆಯ ಮೇಲೆ ರಿಟೈರ್ ಆದ ರೈಲಿನವರ ಸಭೆ. ನಮ್ಮವರು, ಡ್ರೈವರ್ ಹುಸೇನಸಾಬರು, ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಬಸಪ್ಪ. ಎಂಜಿನ್ನಿನ ಸದ್ದಿನಲ್ಲಿ ಕೂಗಿ ಕೂಗಿ ಮೂವರ ದನಿಯೂ ಊರಿಗೆ ಕೇಳುವಂಥದ್ದು. ಮೊದಮೊದಲು ಮೂವರೂ ಒಟ್ಟಿಗೇ ಮಾತಾಡಿ, ಒಟ್ಟಿಗೇ ಸಿಟ್ಟಾಗಿ, ಒಟ್ಟಿಗೇ ಎದ್ದು ಹೋಗುತ್ತಿದ್ದರು. ಆಗ ಬಸಪ್ಪ ಒಂದು ಕಾಯ್ದೆ ತಂದ.

ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರಾಗಬಾರದಲ್ಲ? ಅದಕ್ಕೆ ಸ್ಟೇಷನ್ನಿನವರು ಡ್ರೈವರನ ಕೈಗೆ ಬೆತ್ತದ ಒಂದು ದೊಡ್ಡ ಬಳೆ ಕೊಡುತ್ತಾರೆ. ಅದೇ ಲೈನ್ ಕ್ಲಿಯರ್. ಅದು ಇದ್ದವನದೇ ಹಳಿ, ಉಳಿದ ಗಾಡಿಗಳು ನಿಂತಲ್ಲೇ ನಿಲ್ಲಬೇಕು. ಕಟ್ಟೆಯ ಮೇಲೂ ಹಾಗೆಯೇ. ಬಳೆ ಹಿಡಿದವನು ಮಾತಾಡಬೇಕು, ಮಿಕ್ಕವರು ಬಾಯಿ ಮುಚ್ಚಬೇಕು. ಆದರೆ ಬೆತ್ತದ ಬಳೆ ಎಲ್ಲಿಂದ ತರುವುದು? ಬಡವಿಯ ಸಿಂಬಿ ಇದೆಯಲ್ಲ.

ನಾನು ಹೋದಾಗ ಸಿಂಬಿ ಹುಸೇನಸಾಬರ ತೋಳಿನಲ್ಲಿತ್ತು.

“ಗಾರ್ಡ್ ಸಾಹೇಬ್ರು ಹಸರ ಜಂಡಾ ತೋರ್ಸಿದ್ರು, ಖರೆ. ಆದರ ಎಲ್ಲಿ ನಿಂತು ತೋರ್ಸಿದ್ರು? ತಳಕಲ್ ಸ್ಟೇಷನ್ನಿನ ಗಿಡದ ನೆಳ್ಳಾಗ. ಒಂದು ಕೈಯಾಗ ಜಂಡಾ, ಇನ್ನೊಂದು ಕೈಯಾಗ ಮಜ್ಜಿಗಿ ತಂಬಗಿ. ನಾ ಗಾಡಿ ಬಿಟ್ಟೆ. ಮುಂದಿನ ಸ್ಟೇಷನ್ನಿನಾಗ ನೋಡ್ತೀನಿ, ಗಾರ್ಡ್ ಡಬ್ಬ್ಯಾಗ ಗಾರ್ಡ್ ಒಬ್ರನ್ನ ಬಿಟ್ಟು ಎಲ್ಲಾ ಐತಿ.”

ವಾರವಾರವೂ ಇದೇ ಕತೆ, ವಾರವಾರವೂ ಅಷ್ಟೇ ನಗು. ಆ ಮಜ್ಜಿಗೆ ಕೊಟ್ಟವಳು ಗಂಗವ್ವ. ಭಾವನ ಗಾಡಿ ಬರುವ ಹೊತ್ತಿಗೆ ತಂಬಿಗೆ ಹಿಡಿದು ನಿಲ್ಲುತ್ತಿದ್ದಳು. ಇವರು ಮನೆಗೆ ಬಂದು “ನಿನ್ನ ತಂಗಿ ಆರಾಮ ಅದಾಳ” ಎನ್ನುತ್ತಿದ್ದರು. ನಾನೇ ನೋಡಿ ಬಂದಷ್ಟು ಸಮಾಧಾನಪಟ್ಟು ದೇವರಿಗೆ ದೀಪ ಹಚ್ಚುತ್ತಿದ್ದೆ.

“ಸಾಬರ, ನನ್ನ ಸಿಂಬಿ ಕೊಡ್ರಿ. ನೀರಿಗೆ ಹೊತ್ತಾತು,” ಎಂದೆ.

ಕೊಟ್ಟರು. ಕೊಟ್ಟದ್ದೇ ತಡ, ಕಟ್ಟೆ ತೆಪ್ಪಗಾಯಿತು. ಯಾಕೆಂದು ನನಗೆ ತಿಳಿಯಲಿಲ್ಲ. ಆಮೇಲೆ ಕೈಯಲ್ಲಿದ್ದದ್ದನ್ನು ನೋಡಿಕೊಂಡೆ.

ಕೊಡ ಕೆಳಗಿಟ್ಟು ನಮ್ಮವರ ಕಡೆ ತಿರುಗಿದೆ.

“ಹಂಗಾರ ಈಗ ನಾ ಮಾತಾಡ್ತೀನ್ರಿ. ನೀವು ಕುಡದ ಮಜ್ಜಿಗಿ ಕೊಟ್ಟಾಕಿಗೆ ಕಣ್ಣು ಹೊಂಟಾವ. ನೀವು ಆಕಿನ್ನ ವಾರಕ್ಕೊಮ್ಮೆ ನೋಡೀರಿ. ನಾ ನೋಡಿ ಎಷ್ಟು ವರ್ಷಾತೋ ಲೆಕ್ಕಿಲ್ಲ. ನನ್ನ ಮಾರಿ ಕಾಣೂದರಾಗ ಬಾ ಅಂತ ಹೇಳಿ ಕಳಿಸ್ಯಾಳ. ತಳಕಲ್ಲಿಗೆ ಕರ್ಕೊಂಡು ಹೋಗ್ರಿ.”

“ಅಲ್ಲ, ಈ ಯುದ್ಧದಾಗ…” ಎಂದು ನಮ್ಮವರು ಬಾಯಿ ತೆರೆದರು. ಬಸಪ್ಪ ಎದ್ದು ನಿಂತು, ಒಂದೂ ಮಾತಿಲ್ಲದೆ, ತೋಳನ್ನು ಅಡ್ಡ ಚಾಚಿದ. ಅಡ್ಡ ನಿಂತ ಸಿಗ್ನಲ್ಲು. ಆಯುಷ್ಯವೆಲ್ಲ ಅದನ್ನು ನೋಡಿದವರಿಗೆ ಅರ್ಥ ಹೇಳಿಕೊಡಬೇಕೇ? ಗಾಡಿ ಅಲ್ಲೇ ನಿಂತಿತು.

ನಮ್ಮವರು ಸಿಂಬಿಗೆ ಕೈ ಚಾಚಿದರು. ನಾನು ಬೆನ್ನ ಹಿಂದೆ ಹಿಡಿದೆ.

“ಇದನ್ನ ಕೊಟ್ರ ನೀವು ಗೂಡ್ಸ್ ಗಾಡಿ ಕತಿ ತಗೀತೀರಿ. ಹೂಂ ಅನ್ನಾಕ ಬಾಯಿ ಯಾಕ ಬೇಕ್ರಿ?”

ಹುಸೇನಸಾಬರು ಗಡ್ಡದೊಳಗೇ ನಗುತ್ತಿದ್ದರು. ನಮ್ಮವರು ಅವರನ್ನು ನೋಡಿದರು, ಬಸಪ್ಪನನ್ನು ನೋಡಿದರು. ಕಾಯ್ದೆ ಮುರಿಯುವ ಮನುಷ್ಯರಲ್ಲ ಪಾಪ. ನನ್ನನ್ನು ನೋಡಿದಾಗ ಮಾತ್ರ ಮುಖ ಸಣ್ಣದಾಯಿತು. ಆ ತಂಬಿಗೆಯ ನೆನಪಾಯಿತೋ ಏನೋ. ಮೇಲೆ ಕೈ ಚಾಚಿ ಒಂದು ಬೇವಿನ ಟೊಂಗೆ ಮುರಿದರು. ಹಸಿರು ಹಸಿರಾಗಿತ್ತು. ಅದನ್ನು ಎತ್ತಿ ಹಿಡಿದು, ಗಾರ್ಡ್ ಡಬ್ಬಿಯ ಬಾಗಿಲಲ್ಲಿ ನಿಂತವರ ಹಾಗೆ, ನಿಧಾನಕ್ಕೆ ಬೀಸಿದರು.

“ನಾಳೆ ಮುಂಜಾನಿ ಗಾಡಿಗೇನ್ರಿ?”

ಮತ್ತೊಮ್ಮೆ ಬೀಸಿದರು.

ಸಂಸಾರವೂ ಒಂಟಿ ಹಳಿಯೇ. ಹೆಂಗಸರ ಗಾಡಿಯನ್ನು ಮಾತ್ರ ಯಾವಾಗಲೂ ಪಕ್ಕಕ್ಕೆ ನಿಲ್ಲಿಸಿರುತ್ತಾರೆ, ಗಂಡಸರದು ದಾಟಿ ಹೋಗಲಿ ಎಂದು. ದೇವರು ದೊಡ್ಡವನು, ಒಂದು ಸಲವಾದರೂ ನನ್ನ ಗಾಡಿಗೆ ದಾರಿ ಬಿಡಿಸಿದ. ಇನ್ನು ಗಂಗವ್ವನಿಗೆ ಅಷ್ಟು ಬೆಳಕು ಉಳಿಸಿದರೆ ಸಾಕು ಎಂದುಕೊಂಡೆ.

ಸಿಂಬಿ ತಲೆಯ ಮೇಲಿಟ್ಟು, ಕೊಡ ಎತ್ತಿಕೊಂಡು ಬಾವಿಗೆ ಹೊರಟೆ. ನಾನು ನೀರು ತರುವವರೆಗೂ ಕಟ್ಟೆಯ ಮೇಲೆ ಯಾರೂ ಪಿಟ್ಟೆನ್ನಲಿಲ್ಲ. ಲೈನ್ ಕ್ಲಿಯರ್ ನನ್ನ ತಲೆಯ ಮೇಲಿದ್ದರೆ ಅವರಾದರೂ ಹೇಗೆ ಮಾತಾಡಿಯಾರು?