ಮೇಲೂರಿನ ಚಂದ್ರಿಕೆ, ಬೀಗ ಹಾಕಿದ ಪ್ರಬಂಧ

ಮೇಲೂರಿಗೆ ಬಂದ ಮೊದಲ ದಿನವೇ ನನ್ನನ್ನು ಬಾಗಿಲಲ್ಲಿ ತಡೆದು ನಿಲ್ಲಿಸಿದರು. "ಅಯ್ಯೋ, ಒಳಕ್ಕೆ ಕಾಲಿಡ್ಬೇಡಮ್ಮ! ಪೌಡರ್ ವಾಸನೆ ಹುಳಕ್ಕೆ ಆಗಲ್ಲ" ಎಂದು ಮನೆಯೊಡತಿ ಲಕ್ಷ್ಮೀದೇವಮ್ಮ ಕೂಗಿದರು. ಉತ್ತರದ ನಮ್ಮ ವಿಜಯಪುರದ ಕಡೆ ಬಾಗಿಲಿಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಇಲ್ಲಿ ಮುಖ ತೊಳೆದು, ಕಾಲಿಗೆ ಬ್ಲೀಚಿಂಗ್ ನೀರು ಹಾಕಿಕೊಂಡ ಮೇಲಷ್ಟೇ ರೇಷ್ಮೆಹುಳುವಿನ ಕೋಣೆಗೆ ಪ್ರವೇಶ. ವಿಶ್ವವಿದ್ಯಾಲಯದ ಸಂಶೋಧಕಿ ಎಂಬ ನನ್ನ ಜಂಬ ಅಲ್ಲೇ ಇಳಿಯಿತು.

ಅವರ ಮನೆಯ ಹಿಂದಿನ ಕೋಣೆಯನ್ನೇ ಬಾಡಿಗೆಗೆ ಹಿಡಿದೆ. ನಾನು ರೊಟ್ಟಿ ತಟ್ಟಿದರೆ ಲಕ್ಷ್ಮೀದೇವಮ್ಮ ನಗುತ್ತಿದ್ದರು. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಅವರೇ ಕಲಿಸಿದರು. ಮಾತು ತೆಲುಗಿಗೆ ಹೊರಳಿದಾಗ ಮಾತ್ರ ನಾನು ಮೂಕಿ. ಆ ಸಂಜೆಗಳಲ್ಲಿ ಊರು ಬಹಳ ನೆನಪಾಗುತ್ತಿತ್ತು.

ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಇಲ್ಲಿ ಅದು ಮನೆಯಿಂದ ಮನೆಗೆ ಸುತ್ತುತ್ತಲೇ ಇರುತ್ತದೆ. ಕೇಳಿದವರಿಗೆ ಇಲ್ಲ ಎನ್ನುವ ರೂಢಿಯಿಲ್ಲ. ಸರಿಯಾಗಿ ತೊಳೆಯದಿದ್ದರೆ ಅದರ ಜೊತೆ ರೋಗವೂ ಸುತ್ತುತ್ತದೆ ಎಂಬುದು ನನ್ನ ಅಧ್ಯಯನದಲ್ಲಿ ಕಂಡದ್ದು. ಲಕ್ಷ್ಮೀದೇವಮ್ಮ ನನ್ನ ಮಾತು ನಂಬಿ, ಮರಳಿ ಬರುವಾಗ ರೋಗ ಹೊತ್ತು ಬಂದೀತೆಂದು, ಪಕ್ಕದ ಮನೆಯ ಮೈದುನ ನಾರಾಯಣಪ್ಪನವರಿಗೆ ಚಂದ್ರಿಕೆ ಕೊಡಲಿಲ್ಲ. ಅವರು ಸಿಡಿದೆದ್ದರು.

"ಕೊಡಕ್ಕೆ ಮನಸ್ಸಿಲ್ದೆ ರೋಗದ ನೆಪ ಹೇಳ್ತೀಯಾ ಅತ್ತಿಗೆ? ಎಲ್ಲಿ ಬರ್ದೈತೆ, ತೋರ್ಸು!"

ಬರೆದದ್ದೇನೋ ಇತ್ತು, ಸಂಶೋಧನಾ ಪತ್ರಿಕೆಯೊಂದರಲ್ಲಿ ಪ್ರಕಟವೂ ಆಗಿತ್ತು; ಆದರೆ ಹಣ ಕೊಟ್ಟವರಿಗಷ್ಟೇ ಅದು ಓದಲು ಸಿಗುತ್ತಿತ್ತು. ಅದನ್ನು ಎಲ್ಲರೂ ಉಚಿತವಾಗಿ ಓದುವಂತೆ ಪ್ರಕಟಿಸಲು ದಾರಿಗಳೂ ಇದ್ದವು. ಲೇಖಕರು ಶುಲ್ಕ ಕಟ್ಟಿದರೆ ಪತ್ರಿಕೆಯೇ ತೆರೆದಿಡುತ್ತದೆ, ವಿಶ್ವವಿದ್ಯಾಲಯ ಕಟ್ಟಲಿಲ್ಲ. ಶುಲ್ಕ ಕೇಳದ ಮುಕ್ತ ಪತ್ರಿಕೆಗಳಿವೆ. "ಅವುಕ್ಕೆ ಹೆಸರಿಲ್ಲಮ್ಮ, ನಿನ್ನ ನೌಕರಿಗೇ ಕುತ್ತು" ಎಂದರು ಮಾರ್ಗದರ್ಶಕರು. ಉಳಿದದ್ದು, ನಮ್ಮ ಹಸ್ತಪ್ರತಿಯನ್ನು ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇಡುವುದು. ಅದನ್ನೂ ಒಂದು ವರ್ಷ ತೆರೆಯಬಾರದೆಂದು ಪತ್ರಿಕೆಯ ಕರಾರು.

ನಾರಾಯಣಪ್ಪನವರ ಮಗಳು ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಶೀರ್ಷಿಕೆ, ಅದರ ಕೆಳಗೊಂದು ಬೀಗದ ಚಿತ್ರ. ನನ್ನ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯನ್ನೇ ಒಯ್ದು ತೋರಿಸಿದೆ.

"ನಿಮ್ ಕಂಪ್ಯೂಟರಲ್ಲಿ ನೀವು ಬರ್ಕೊಂಡಿರೋದು ಸಾಕ್ಷಿ ಆಗ್ತದಾ?" ಎಂದರು ನಾರಾಯಣಪ್ಪ.

ಬೇರೆ ಮನೆಯಿಂದ ಚಂದ್ರಿಕೆ ತಂದರು. ಅವರ ಮುಂದಿನ ಬೆಳೆ ರೋಗ ಬಂದು ಪೂರ್ತಿ ಹೋಯಿತು. ರೋಗ ರೋಗ ಎಂದ ಅತ್ತಿಗೆಯ ಬಾಯಿಂದಲೇ ಹೀಗಾಯಿತು ಎಂದು, ಎರಡು ಮನೆಗೂ ಒಂದೇ ಆಗಿದ್ದ ಅಂಗಳದ ನಡುವೆ ಗೋಡೆ ಎಬ್ಬಿಸಿದರು. ಲಕ್ಷ್ಮೀದೇವಮ್ಮ ಆ ರಾತ್ರಿಯೂ ಎಂದಿನಂತೆ ನನ್ನ ತಟ್ಟೆಗೆ ಮುದ್ದೆ ಇಟ್ಟರು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಕರಾರು ಮುಗಿದು ಪ್ರಬಂಧ ತೆರೆದ ದಿನ ನಾರಾಯಣಪ್ಪನವರ ಮನೆಗೆ ಓಡಿದೆ. ಅವರ ಮಗಳ ಮೊಬೈಲಿನಲ್ಲೇ ತೆರೆಸಿ, ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿದರು.

"ನಿಜಾನೇ ಇರ್ಬೋದಮ್ಮ. ಆದ್ರೆ ಆಡ್ಬಾರದ್ದೆಲ್ಲ ಆಡಿ ಆಗೋಯ್ತು. ನೀವು ನಾಳೆ ನಿಮ್ಮೂರಿಗೆ ಹೊರಟೋಗೋರು. ಈ ಗೋಡೆ ಜೊತೆ ಇರೋರು ನಾವು."

ವಿಜಯಪುರದಲ್ಲಿ ಅವ್ವ ಪ್ರಬಂಧದಲ್ಲಿನ ನನ್ನ ಹೆಸರನ್ನು ಓಣಿಗೆಲ್ಲ ತೋರಿಸುತ್ತಿದ್ದಾಳಂತೆ. "ಕೆಲಸ ಮುಗೀತಲ್ಲ, ಯಾವಾಗ ಬರ್ತಿ?" ಎಂದು ದಿನವೂ ಫೋನಿನಲ್ಲಿ ಕೇಳುತ್ತಾಳೆ. ಹೋಗಲು ನನಗೂ ಆಸೆಯಿದೆ. ಆದರೆ ಹೋದರೆ, ನಾನು ಹೊರಟುಹೋಗುವವಳು ಎಂದು ನಾರಾಯಣಪ್ಪನವರು ಹೇಳಿದ್ದು ನಿಜವಾಗಿಬಿಡುತ್ತದೆ.