ಸಾಬವ್ವನ ಪಾಳಿ

ಪುಣೆಯ ಹೊರಗೆ ಮೋಶಿ ದಾಟಿ ಚಾಕಣಕ್ಕೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ ತಗಡಿನ ಹದಿನೆಂಟು ಶೆಡ್ಡುಗಳಿವೆ. ಅಲ್ಲಿರುವವರೆಲ್ಲ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಯಾರ ಮನೆಯ ಜಗಳವಿರಲಿ, ಬಾಣಂತನವಿರಲಿ, ಸಾಬವ್ವ ಇಲ್ಲದೆ ಅಲ್ಲಿ ಏನೂ ನಡೆಯುವುದಿಲ್ಲ. ಕರೆಯದಿದ್ದರೂ ಬರುತ್ತಾಳೆ, ಹೋಗೆಂದರೂ ಹೋಗುವುದಿಲ್ಲ. ಬಾಯಿ ಜೋರು, ಕೈ ಅದಕ್ಕಿಂತ ಜೋರು.

ಇಪ್ಪತ್ತೆರಡು ವರ್ಷದ ಹಿಂದೆ ಅಫಜಲಪುರದ ಕಡೆಯಿಂದ ಗಂಡ ಧರ್ಮರಾಜನ ಜೊತೆ ಪುಣೆಗೆ ಬಂದಾಗ ಅವಳ ಮಗನಿಗೆ ಎರಡು ವರ್ಷ. ಅವನ ಕಾಲಿಗೆ ಹಳೆಯ ಸೀರೆಯ ತುಂಡು ಕಟ್ಟಿ, ಇನ್ನೊಂದು ತುದಿಯನ್ನು ಕಂಬಕ್ಕೆ ಬಿಗಿದು ಇಟ್ಟಂಗಿ ಹೊರಲು ಹೋಗುತ್ತಿದ್ದಳು. ಬೇರೆ ದಾರಿ ಇರಲಿಲ್ಲ. ಆ ಮಗ ಈಗ ಚಾಕಣದ ಕಾರ್ಖಾನೆಯಲ್ಲಿ ದುಡಿಯುತ್ತಾನೆ, ಕಂಬದ ನೆನಪು ಅವನಿಗಿಲ್ಲ. ಸಾಬವ್ವನಿಗೆ ಇದೆ.

ಮೂರು ವರ್ಷದ ಹಿಂದೆ ಪಕ್ಕದ ಶೆಡ್ಡಿನ ಶರಣಮ್ಮ ತನ್ನ ಮಗ ಕಿಶೋರನನ್ನು ಹಾಗೆಯೇ ಕಟ್ಟುತ್ತಿದ್ದುದನ್ನು ಕಂಡು ಅವಳ ಪಿತ್ತ ನೆತ್ತಿಗೇರಿತು. "ಬಿಚ್ಚು ಅದನ್ನ! ಅದು ಕೂಸೋ, ಕರಾನೋ?" ಎಂದು ಗಂಟನ್ನು ತಾನೇ ಬಿಚ್ಚಿ ಎಸೆದಳು. ಸಂಜೆ ಐವರು ಹೆಂಗಸರನ್ನು ಕೂಡಿಸಿ ಪಾಳಿ ಕಟ್ಟಿದಳು. ವಾರದ ಆರು ದಿನ, ಆರು ಹೆಂಗಸರು. ದಿನಕ್ಕೊಬ್ಬಳು ಕೆಲಸ ಬಿಟ್ಟು ಎಲ್ಲರ ಮಕ್ಕಳನ್ನು ನೋಡಬೇಕು, ಟ್ಯಾಂಕರ್ ಬಂದಾಗ ಆರೂ ಮನೆಯ ಡ್ರಮ್ಮು ತುಂಬಿಸಬೇಕು. ಅವತ್ತು ಅವಳ ಮನೆಗೆ ಉಳಿದ ಐದು ಮನೆಯಿಂದ ರೊಟ್ಟಿ, ಪಲ್ಲೆ. ಸಾಬವ್ವನ ಮನೆಯಲ್ಲಿ ಸಣ್ಣ ಮಕ್ಕಳೇ ಇಲ್ಲ. ಆದರೂ ಮೊದಲ ಪಾಳಿ ಅವಳೇ ಹಿಡಿದಳು.

ಮಕ್ಕಳನ್ನು ಮಾತ್ರ ಅವಳು ಎಣಿಸುವುದಿಲ್ಲ. ಎಣಿಸಿದರೆ ದೃಷ್ಟಿ ತಾಗುತ್ತದೆಂದು ಅವಳ ಅತ್ತೆ ಹೇಳಿದ್ದಳು, ಅವಳ ಅತ್ತೆಗೆ ಅವಳ ಅತ್ತೆ. ಅದಕ್ಕೇ ಒಂದು ಉಪಾಯ ಮಾಡಿದ್ದಳು. ಬೆಳಿಗ್ಗೆ ಪ್ರತಿ ಮಗು ತನ್ನ ತಾಟು ತಂದು ಹಲಗೆಯ ಮೇಲೆ ಇಡಬೇಕು. ಮಧ್ಯಾಹ್ನ ತಾಟು ಹಾಸಿದಾಗ ಎಲ್ಲ ತಾಟಿನ ಮುಂದೆಯೂ ಒಂದೊಂದು ಮಗು ಕುಳಿತಿದ್ದರೆ ಯಾರೂ ಕಡಿಮೆಯಿಲ್ಲ. ಮೂರು ವರ್ಷದಲ್ಲಿ ಒಂದು ದಿನವೂ ಲೆಕ್ಕ ತಪ್ಪಿರಲಿಲ್ಲ.

ಆ ಬುಧವಾರ, ಸಾಬವ್ವನದೇ ಪಾಳಿಯ ದಿನ, ತಪ್ಪಿತು. ಹತ್ತು ತಾಟು, ಹತ್ತು ಮಕ್ಕಳು. ಸಾಬವ್ವ ನೆಮ್ಮದಿಯಿಂದ ರೊಟ್ಟಿ ಹಂಚಿದಳು. ಎಲ್ಲರೂ ಉಂಡು ಎದ್ದರೂ ಐದು ವರ್ಷದ ಕಿಶೋರ ಅರ್ಧ ರೊಟ್ಟಿ ಹಿಡಿದುಕೊಂಡೇ ಕುಳಿತಿದ್ದ.

"ಯಾಕೋ, ತಿನ್ನಲ್ಲ?"

"ಇದು ಭುವಿಂದು. ಅವ್ವ ಇವತ್ತ ಇಬ್ಬರಿಗೂ ಒಂದೇ ತಾಟು ಕೊಟ್ಟಾಳ."

ಸಾಬವ್ವ ಮಕ್ಕಳ ಮೇಲೆಲ್ಲ ಕಣ್ಣಾಡಿಸಿದಳು. ಭುವಿ ಎಂದರೆ ಭುವನೇಶ್ವರಿ, ಕಿಶೋರನ ತಂಗಿ, ಮೂರು ತುಂಬಿಲ್ಲ. "ಭುವಿ ಎಲ್ಲಿ ಹೋಗ್ಯಾಳೋ?"

"ಅವ್ವನ ಕಡೆ ಹೋಗ್ತೀನಿ ಅಂದಳು. ನೀರಿನ ಗಾಡಿ ಬಂದಾಗ."

ಟ್ಯಾಂಕರ್ ಬಂದದ್ದು ಹನ್ನೊಂದೂವರೆಗೆ. ಆಗ ಸಾಬವ್ವ ಪೈಪು ಹಿಡಿದು ಇತ್ತ ಬೆನ್ನು ಮಾಡಿ ನಿಂತಿದ್ದಳು. ಈಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಶರಣಮ್ಮ ಕೆಲಸ ಮಾಡುವ ಕಟ್ಟಡ ಇಲ್ಲಿಂದ ಒಂದು ಕಿಲೋಮೀಟರು. ನಡುವೆ ಲಾರಿಗಳು ಎಡೆಬಿಡದೆ ಓಡುವ ಹೆದ್ದಾರಿ, ಆಚೆ ತುದಿಗೆ ನೀರು ತುಂಬಿ ನಿಂತ ಲಿಫ್ಟಿನ ಗುಂಡಿ. ಸಾಬವ್ವ ಓಡಬೇಕೆಂದು ಎದ್ದಳು, ಆದರೆ ಹತ್ತು ಮಕ್ಕಳು ಅವಳ ಮುಖವನ್ನೇ ನೋಡುತ್ತಿದ್ದರು. ಒಂದನ್ನು ಹುಡುಕಲು ಹೋಗಿ ಇವರಲ್ಲಿ ಇನ್ನೊಂದು ತಪ್ಪಿದರೆ?

"ಒಬ್ಬರ ಅಂಗಿ ಒಬ್ಬರು ಹಿಡೀರಿ. ಬಿಟ್ಟವರ ಕಾಲು ಮುರೀತೀನಿ," ಎಂದಳು. ಎಲ್ಲಕ್ಕಿಂತ ಸಣ್ಣದನ್ನು ಸೊಂಟಕ್ಕೇರಿಸಿ, ಉಳಿದವರನ್ನು ಸಾಲಾಗಿ ನಡೆಸಿಕೊಂಡು ಮೂಲೆಯ ಹೋಟೆಲಿಗೆ ಬಂದಳು.

ಹೋಟೆಲು ಕುಂದಾಪುರದ ಕಡೆಯ ಮೋಹನದಾಸರದು. ಟ್ಯಾಂಕರ್ ಬಾರದ ದಿನ ಶೆಡ್ಡಿನವರಿಗೆ ಅವರ ಬೋರಿನ ನೀರು. ಹೋದ ಬೇಸಿಗೆಯಲ್ಲಿ ಬೋರು ಬತ್ತಿದಾಗ ಶೆಡ್ಡಿನವರೇ ಅವರಿಗೆ ದಿನಕ್ಕೆ ನಾಲ್ಕು ಡ್ರಮ್ಮು ಕೊಟ್ಟಿದ್ದರು. ಊಟದ ಹೊತ್ತು, ಒಂದು ಕುರ್ಚಿಯೂ ಖಾಲಿಯಿರಲಿಲ್ಲ.

"ಎಂತ ಸಾಬವ್ವ, ಮೆರವಣಿಗೆಯಾ?" ಎಂದವರು ಅವಳ ಮುಖ ಕಂಡು ಎದ್ದು ಬಂದರು. ಅವಳು ಹೇಳಿ ಮುಗಿಸುವಷ್ಟರಲ್ಲಿ ಒಳಗಿನ ಎರಡು ಮೇಜಿನ ಗಿರಾಕಿಗಳನ್ನು ಕೈಮುಗಿದು ಎಬ್ಬಿಸಿ, ಮಕ್ಕಳನ್ನು ಕೂರಿಸಿ, ಬಾಗಿಲಿಗೆ ಅಡ್ಡಲಾಗಿ ಒಬ್ಬ ಸಪ್ಲಾಯರನನ್ನು ನಿಲ್ಲಿಸಿಬಿಟ್ಟರು. ಆಮೇಲೆ ಹೋಟೆಲಿನ ಕ್ಯಾಮೆರಾದ ಚಿತ್ರವನ್ನು ಪರದೆಯ ಮೇಲೆ ಹಿಂದಕ್ಕೆ ಓಡಿಸಿದರು. ಹನ್ನೊಂದು ಐವತ್ತಕ್ಕೆ ಟ್ಯಾಂಕರ್ ಹೋಗುತ್ತದೆ. ಅದರ ಹಿಂದೆ ಹಳದಿ ಫ್ರಾಕಿನ ಮಗು, ಒಂಟಿಯಾಗಿ, ಚಪ್ಪಲಿಯಿಲ್ಲದ ಕಾಲಿನಲ್ಲಿ ಹೆದ್ದಾರಿಯ ಕಡೆಗೆ ನಡೆಯುತ್ತದೆ. ಅಲ್ಲಿಗೆ ಪರದೆ ಮುಗಿಯುತ್ತದೆ.

ಸಾಬವ್ವ ಶರಣಮ್ಮನ ಕಟ್ಟಡದ ಕೂಲಿಗಳನ್ನು ನಡೆಸುವ ಮುಕಾದಮ ಜಟ್ಟೆಪ್ಪನಿಗೆ ಫೋನು ಹಚ್ಚಿದಳು. "ಅಣ್ಣಾ, ಶರಣಮ್ಮಗ ಏನೂ ಹೇಳಬ್ಯಾಡ, ತಲಿ ಮ್ಯಾಲ ಹೊರೆ ಇರ್ತದ. ಮೊದಲು ಲಿಫ್ಟಿನ ಗುಂಡಿ ನೋಡು."

ಆ ಮಾತು ಅವಳ ಬಾಯಿಂದಲೇ ಬಂದದ್ದು ಅವಳಿಗೇ ನಂಬಲಾಗಲಿಲ್ಲ.

ಜಟ್ಟೆಪ್ಪ ಕಾಂಕ್ರೀಟಿನ ಕೆಲಸ ನಿಲ್ಲಿಸಿ ನಾಲ್ವರಿಗೆ ಬಿದಿರು ಹಿಡಿಸಿ ಗುಂಡಿಗೆ ಕಳಿಸಿದ. ಮೋಹನದಾಸರು ಟ್ಯಾಂಕರ್ ಓಡಿಸುವ ದಿಗಂಬರನಿಗೆ ಫೋನು ಮಾಡಿ, ಮರಾಠಿಯಲ್ಲಿ ಎಲ್ಲ ಹೇಳಿ, ಹೋದ ದಾರಿಯಲ್ಲೇ ನಿಧಾನವಾಗಿ ಹಿಂದಕ್ಕೆ ಬಾ ಎಂದರು. ಇಬ್ಬರು ಸಪ್ಲಾಯರರು ಸ್ಕೂಟರ್ ಹತ್ತಿದರು. ಸಾಬವ್ವ ಮೈಯೆಲ್ಲ ಕಣ್ಣಾಗಿ ಹೆದ್ದಾರಿಯ ಬದಿಗೆ ಓಡಿದಳು. ಎದುರಿಗೆ ಬಂದ ಪ್ರತಿಯೊಬ್ಬರನ್ನೂ, "ಲಹಾನ್ ಮುಲಗಿ ಪಾಹಿಲಿ ಕಾ? ಪಿವಳಾ ಫ್ರಾಕ್?" ಎನ್ನುತ್ತ, ಹಳದಿ ಫ್ರಾಕಿನ ಸಣ್ಣ ಹುಡುಗಿಯನ್ನು ಕಂಡಿರಾ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದವರೇ ಎಲ್ಲ. ಜಟ್ಟೆಪ್ಪನ ಫೋನು ಬಂತು. ಎತ್ತಲು ಅವಳಿಗೆ ಧೈರ್ಯ ಬರಲಿಲ್ಲ, ಎತ್ತದೆ ಇರಲೂ ಆಗಲಿಲ್ಲ.

"ಗುಂಡ್ಯಾಗ ಇಲ್ಲ," ಎಂದ ಅವನು. ಸಾಬವ್ವ ರಸ್ತೆಯ ಬದಿಯಲ್ಲೇ ಕುಸಿದು ಕುಳಿತು ಅತ್ತಳು, ಮತ್ತೆ ಎದ್ದು ಓಡಿದಳು.

ಎರಡು ಗಂಟೆಗೆ ದಿಗಂಬರನ ಟ್ಯಾಂಕರ್ ಹಾರ್ನು ಹೊಡೆಯುತ್ತಲೇ ಬಂತು, ಒಳಗೆ ಅವನ ಪಕ್ಕದಲ್ಲಿ ಭುವಿ. ಹೆದ್ದಾರಿಗೆ ಮುಟ್ಟುವ ಮೊದಲೇ ಟ್ಯಾಂಕರ್ ಹೊರಳುವ ಒಳದಾರಿಯ ತಿರುವಿನಲ್ಲಿ ಕಾಯಿಪಲ್ಲೆ ಮಾರುವ ಮುದುಕಿಯೊಬ್ಬಳು ಮಗುವನ್ನು ತಡೆದು, ಛತ್ರಿಯ ಕೆಳಗೆ ಕೂರಿಸಿಕೊಂಡು, ತಾಯಿ ಬಂದೇ ಬರುತ್ತಾಳೆಂದು ಕಾಯುತ್ತಿದ್ದಳಂತೆ. ಮಗು "ಅವ್ವ" ಎಂಬುದೊಂದನ್ನು ಬಿಟ್ಟು ಬೇರೇನೂ ಹೇಳಿರಲಿಲ್ಲ. ಸಾಬವ್ವ ಭುವಿಯನ್ನು ಎಳೆದುಕೊಂಡು, ಹೊಡೆಯಲು ಕೈ ಎತ್ತಿ, ಹೊಡೆಯಲಾರದೆ ಎದೆಗೆ ಒತ್ತಿಕೊಂಡಳು. ಮಗುವಿನ ಕೈಯಲ್ಲಿ ಅರ್ಧ ಕಡಿದ ಗಜ್ಜರಿ ಇತ್ತು.

ಸಂಜೆ ಜಟ್ಟೆಪ್ಪ ಅವಳನ್ನು ಬದಿಗೆ ಕರೆದ. "ಸಿಕ್ಕತಲ್ಲ, ಸುಮ್ಮನಿದ್ದುಬಿಡು. ಗುಂಡಿ ಯಾಕ ನೋಡಿದೆವಂತ ಶರಣಮ್ಮಗ ಗೊತ್ತಿಲ್ಲ. ಹೇಳಿದರ ನಾಳಿಂದ ಯಾರೂ ಯಾರ ಹತ್ತಿರಾನೂ ಮಕ್ಕಳನ್ನ ಬಿಡೂದಿಲ್ಲ. ಪಾಳಿ ಮುರೀತದ, ಮತ್ತ ಕಂಬಕ್ಕ ಕಟ್ತಾರ."

ಅವನ ಮಾತು ಸುಳ್ಳಲ್ಲ. ಅದಕ್ಕೇ ಸಾಬವ್ವನಿಗೆ ಅದು ಇನ್ನಷ್ಟು ಚುಚ್ಚಿತು. ಆದರೆ ಮುಚ್ಚಿಟ್ಟುಕೊಂಡು ಶರಣಮ್ಮನ ಮುಖ ನೋಡುವುದು ಅವಳಿಂದ ಆಗದ ಮಾತು. ನೇರ ಹೋಗಿ, ನಿಂತಲ್ಲೇ ನಿಂತು, ಒಂದನ್ನೂ ಬಿಡದೆ ಹೇಳಿದಳು. ಗುಂಡಿಯ ಮಾತೂ ಹೇಳಿದಳು.

ಶರಣಮ್ಮ ಬೈಯಲಿಲ್ಲ, ಅಳಲಿಲ್ಲ. ಇಬ್ಬರು ಮಕ್ಕಳನ್ನೂ ಒಳಗೆಳೆದುಕೊಂಡು ತಗಡಿನ ಬಾಗಿಲು ಹಾಕಿದಳು. ಬೈದಿದ್ದರೆ ಎಷ್ಟೋ ಚಲೋ ಇತ್ತು ಎಂದು ಸಾಬವ್ವನಿಗೆ ಅನಿಸಿತು.

ಮರುದಿನ ಶಿವಕಾಂತಾಳ ಪಾಳಿ. ಆರೂ ಹೆಂಗಸರು ಬಂದಿದ್ದರು, ಆದರೆ ಯಾರೂ ಮಕ್ಕಳ ಕೈ ಬಿಡಲಿಲ್ಲ. ಎಲ್ಲರ ಕಣ್ಣೂ ಶರಣಮ್ಮನ ಮೇಲೆ. ಅವಳು ಬಿಟ್ಟರೆ ಬಿಡುವುದು, ಅವಳು ಒಯ್ದರೆ ಒಯ್ಯುವುದು. ಕೆಲಸಕ್ಕೆ ಹೊರಟಿದ್ದ ಸಾಬವ್ವ ತಲೆಯ ಮೇಲಿನ ಸಿಂಬಿ ಹಿಡಿದು, ತಲೆ ತಗ್ಗಿಸಿ ದೂರವೇ ನಿಂತಿದ್ದಳು.

ಶರಣಮ್ಮ ಶಿವಕಾಂತಾಳನ್ನು ದಾಟಿ ಸಾಬವ್ವನ ಹತ್ತಿರ ಬಂದಳು. ಕಣ್ಣು ಊದಿತ್ತು, ರಾತ್ರಿ ನಿದ್ದೆಯಾದ ಗುರುತಿರಲಿಲ್ಲ.

"ಶಿವಕಾಂತಾ ಇವತ್ತ ಕೆಲಸಕ್ಕ ಹೋಗಲಿ. ಪಾಳಿ ನೀನ ಹಿಡಿಬೇಕು," ಎಂದಳು.

"ನಾನಾ? ನಿನ್ನೆ ಅಷ್ಟಾದ ಮ್ಯಾಲ..."

"ಅದಕ್ಕ," ಎಂದಳು ಶರಣಮ್ಮ. "ನಿನ್ನೆ ನೀ ಹೆದರಿದ ಹಂಗ ಇಲ್ಲಿ ಯಾರೂ ಹೆದರಿಲ್ಲ. ಇವತ್ತ ನಿನ್ನಷ್ಟು ಎಚ್ಚರ ಇನ್ಯಾರಿಗಿ ಇರ್ತದ, ಅಕ್ಕಾ?"

ಭುವಿಯನ್ನು ಎತ್ತಿ ಸಾಬವ್ವನ ಸೊಂಟಕ್ಕಿಟ್ಟು, ಹಿಂದಿರುಗಿ ನೋಡದೆ ಕೆಲಸಕ್ಕೆ ನಡೆದಳು.