ಹೋಗುವ ದಾರಿ, ಬರುವ ದಾರಿ ಸಮ ಮಾಡುವ ಮಾಳಿಂಗಪ್ಪ

ಹುಣಸೆಬೀಜ ಅರೆದು ಕಾಯಿಸಿದ ಗಂಜಿ, ಅದರಲ್ಲಿ ನೆನೆದ ಕುರಿಯ ಉಣ್ಣೆ. ಅರಕೇರಾದ ಮನೆಯಂಗಳದಲ್ಲಿ ಅವ್ವ ಯಮನಮ್ಮ ಕಂಬಳಿಯ ನೂಲಿಗೆ ಗಂಜಿ ತೀಡುತ್ತಿದ್ದಾಗ ಏಳುತ್ತಿದ್ದ ಆ ಹುಳಿಹುಳಿ ವಾಸನೆ ಮಾಳಿಂಗಪ್ಪನವರ ಮೂಗನ್ನು ಇನ್ನೂ ಬಿಟ್ಟಿಲ್ಲ. ಐವತ್ತು ದಾಟಿದೆ, ಮೀಸೆ ಬೆಳ್ಳಗಾಗಿದೆ. ಆದರೂ ಟೆಲಿಫೋನ್ ಕೇಬಲ್ಲಿನ ಹೊಟ್ಟೆ ಸೀಳಿ, ಒಳಗಿನ ಅಂಟುಅಂಟಾದ ಜೆಲ್ಲಿ ಬೆರಳಿಗೆ ಮೆತ್ತಿಕೊಂಡಾಗಲೆಲ್ಲ ಅವರಿಗೆ ಆ ಅಂಗಳವೇ ನೆನಪಾಗುತ್ತದೆ. ಅಲ್ಲಿ ಉಣ್ಣೆಯ ಎರಡೆಳೆ ಹುರಿ, ಇಲ್ಲಿ ತಾಮ್ರದ ಎರಡೆಳೆ ಹುರಿ.

ಮಾನ್ವಿಯ ಹಳೆಯ ಓಣಿಯಲ್ಲಿ ಬೆಳಕು ಹರಿಯುವ ಮೊದಲೇ ಗುಂಡಿಗಿಳಿದವರಿಗೆ ಇನ್ನೂ ಬಿಡುವಿಲ್ಲ. ಹಿಂದಿನ ದಿನ ಚರಂಡಿ ಅಗೆಯುವ ಯಂತ್ರ ಕೇಬಲ್ಲನ್ನು ಓಣಿಯುದ್ದಕ್ಕೂ ಕಿತ್ತೆಸೆದಿತ್ತು. ಹಣೆಗೆ ಟಾರ್ಚ್ ಕಟ್ಟಿಕೊಂಡು ಹೊಸ ತುಂಡು ಎಳೆದು, ಎರಡು ತುದಿಗೂ ಜಾಯಿಂಟ್ ಹಾಕಿ ಮುಗಿಸಿದ್ದಾರೆ. ಮೀಟರ್ ಹಚ್ಚಿ ನೋಡಿದರೆ ಎಲ್ಲ ಸರಿಯಿದೆ. ಆದರೆ ಲೈನು ನಿಲ್ಲುತ್ತಿಲ್ಲ. ಮೋಡೆಮ್ಮಿನ ಹಸಿರು ದೀಪ ಹತ್ತುತ್ತದೆ, ಮಿಣಮಿಣ ಎನ್ನುತ್ತದೆ, ಆರುತ್ತದೆ.

ಆ ದೀಪವನ್ನೇ ನೋಡುತ್ತ ಓಣಿಯ ಕೊನೆಯ ಕೋಣೆಯಲ್ಲಿ ನಿಗಾರ್ ಕುಳಿತಿದ್ದಾಳೆ. ಹುಟ್ಟಿನಿಂದ ಕಿವಿ ಕೇಳಿಸದ ಈ ಹುಡುಗಿಯ ಹೊಲಿಗೆಗೆ ಮಾನ್ವಿಯಲ್ಲಿ ಹೆಸರಿದೆ. ದೂರದ ಊರಿನಲ್ಲಿ ಕಿವುಡ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಕೆಲಸವೊಂದಿದೆ. ಅದರ ಸಂದರ್ಶನ ಇವತ್ತು ಹತ್ತು ಗಂಟೆಗೆ, ವಿಡಿಯೋದಲ್ಲಿ, ಪೂರ್ತಿ ಕೈಸನ್ನೆಯಲ್ಲಿ. ಕಿವುಡರಿಗೆಂದು ಈ ಕೋಣೆ ನಡೆಸುತ್ತಿರುವವರು ಲಲಿತಾ. ಆಸ್ಪತ್ರೆ, ಬ್ಯಾಂಕು ಎಂದು ಓಡಾಡುವ ಕಿವುಡರು ಇಲ್ಲಿಗೆ ಬಂದು ರಾಯಚೂರಿನ ಸನ್ನೆಭಾಷೆಯ ಅನುವಾದಕಿಯ ಜೊತೆ ಪರದೆಯ ಮೇಲೆ ಮಾತಾಡುತ್ತಾರೆ. ಕಲ್ಲುಗೋಡೆಯ ಈ ಇಕ್ಕಟ್ಟಿನಲ್ಲಿ ಮೊಬೈಲಿನ ಸಿಗ್ನಲ್ ಹಿಡಿಯುವುದಿಲ್ಲ. ಫೈಬರ್ ಕೇಬಲ್ ಇನ್ನೂ ಇತ್ತ ಬಂದಿಲ್ಲ. ಇರುವುದು ಹಳೆಯ ತಾಮ್ರ, ಅದನ್ನು ನೋಡಿಕೊಳ್ಳಲು ಮಾಳಿಂಗಪ್ಪ.

ಮೊದಲು ಇಲ್ಲಿದ್ದದ್ದು ಮನೆಗಳಿಗೆ ಕೊಡುವ ಸಾಮಾನ್ಯ ಇಂಟರ್ನೆಟ್ ಲೈನು. ಅದರಲ್ಲಿ ರಾಯಚೂರಿನವರ ಕೈ ಇಲ್ಲಿ ಸ್ಪಷ್ಟ ಕಾಣುತ್ತಿತ್ತು. ಇಲ್ಲಿಯವರ ಕೈ ಅಲ್ಲಿಗೆ ತಲುಪುವಷ್ಟರಲ್ಲಿ ಅರ್ಧದಲ್ಲೇ ಹೆಪ್ಪುಗಟ್ಟುತ್ತಿತ್ತು. ಯಾಕೆಂದು ಕೇಳಿದರೆ ಮಾಳಿಂಗಪ್ಪ ಗುಂಡಿಯೊಳಗಿಂದಲೇ ಹೇಳುತ್ತಾರೆ: "ಮನಿ ಲೈನಿನಾಗ ಬರೋ ದಾರಿ ಅಗಲ, ಹೋಗೋ ದಾರಿ ಇಕ್ಕಟ್ಟು ನೋಡ್ರಿ. ಸಿನಿಮಾ ನೋಡೋರಿಗೆ ಅಷ್ಟು ಸಾಕು. ಅವರು ಕಳಿಸೋದರ ಏನದ? ಮುಂಜಾನೆದ್ದು ಒಂದು ಹೂವಿನ ಫೋಟೋ! ಈ ಹುಡುಗಿದು ಹಂಗಲ್ಲ. ಈಕಿ ಕೈ ಆ ಕಡಿ ಹೋಗಬೇಕು, ಅವರ ಕೈ ಈ ಕಡಿ ಬರಬೇಕು. ಎರಡೂ ಒಂದೇ ಅಳತಿ ಇರಬೇಕು."

ಹಾಗಾಗಿ ಇಲ್ಲಿಗೆ ಸಮ ಅಳತೆಯ ಲೈನು ಬಂತು. ಬರುವ ದಾರಿಯನ್ನು ಒಂದಿಷ್ಟು ಕಿರಿದು ಮಾಡಿ ಹೋಗುವ ದಾರಿಗೆ ಕೊಟ್ಟ ಹಾಗೆ. ಸಿನಿಮಾ ಪ್ರಿಯರಿಗೆ ಇದು ನಷ್ಟದ ವ್ಯಾಪಾರ. ಮನೆ ಲೈನಿನಂತೆ ಇದೇ ತಂತಿಯಲ್ಲಿ ಫೋನ್ ಮಾತನ್ನೂ ಹಾಯಿಸಲು ಬರುವುದಿಲ್ಲ. ಅದನ್ನು ಮಾಳಿಂಗಪ್ಪ ಅಳುಕುತ್ತ ತಿಳಿಸಿದಾಗ ಲಲಿತಾ ನಕ್ಕುಬಿಟ್ಟಿದ್ದರಂತೆ: "ಇಲ್ಲಿ ಹಲೋ ಅನ್ನೋರು ಯಾರದಾರ ಕಾಕಾ?"

ಕುರಿ ಕಾಯುವ ಮನೆಯ ಮಾಳಿಂಗಪ್ಪ ಟೆಲಿಫೋನ್ ಕೆಲಸಕ್ಕೆ ಬಂದದ್ದು ಕಂಬ ಹೊರುವ ಕೂಲಿಯಾಗಿ. ಹುರಿ ತಿರುಗಿಸುವ ಬೆರಳಿನ ವರಸೆ ನೋಡಿ ಹಳಬರೊಬ್ಬರು ಜಾಯಿಂಟ್ ಕಲಿಸಿದರು. ಕೆಲಸ ಇಂದಿಗೂ ಗುತ್ತಿಗೆಯದೇ. ಬೈಕಿನ ಡಬ್ಬಿಯಲ್ಲಿ ಚಾಕು, ಟೇಪು, ಮೀಟರು. ಒಂದು ದಿನ ರಾಯಚೂರಿನ ಅಕ್ಕಿ ಗಿರಣಿಯ ಆಫೀಸು, ಮರುದಿನ ದೇವದುರ್ಗ, ಆಮೇಲೆ ಮಾನ್ವಿ. ಫೈಬರ್ ಬಂದ ಓಣಿಯಲ್ಲಿ ತಾಮ್ರ ಸಾಯುತ್ತದೆ, ಅಲ್ಲಿಗೆ ಅವರ ದಾರಿಯೂ ಮುಗಿಯುತ್ತದೆ. "ಮೊದಲು ಒಂದು ಓಣಿಗೆ ಹೋದರ ಹತ್ತು ಮನಿಯೋರು ಕರೀತಿದ್ರು. ಈಗ ನನ್ನ ಗುಂಡಿ ನೋಡಿ, ಯಾರು ಸತ್ತಾರ ಅಂತ ಕೇಳ್ತಾರ" ಎಂದು ತಾವೇ ನಗುತ್ತಾರೆ.

ಆದರೆ ಈ ಬೆಳಿಗ್ಗೆ ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಒಂಬತ್ತು ಹೊಡೆದಿದೆ. ಈ ತುದಿಯ ಜಾಯಿಂಟಿನಿಂದ ಆ ತುದಿಗೆ, ಅಲ್ಲಿಂದ ಲಲಿತಾ ಅವರ ಕೋಣೆಗೆ, ಮತ್ತೆ ಗುಂಡಿಗೆ. ಕುಳಿತಲ್ಲಿ ಕುಳಿತಿರಲಾರರು. ಮೋಡೆಮ್ ಬದಲಿಸಿಯಾಯಿತು, ಎಕ್ಸ್‌ಚೇಂಜಿಗೆ ಫೋನ್ ಮಾಡಿಯಾಯಿತು. ನಿಗಾರ್ ಬಾಗಿಲಿಗೆ ಬಂದು ಕಣ್ಣಿನಲ್ಲೇ ಕೇಳುತ್ತಾಳೆ. ಅವರು ಅಂಗೈ ಎತ್ತಿ, ತಡಿ ಎನ್ನುತ್ತಾರೆ. ಕೈಸನ್ನೆಯಲ್ಲಿ ಅವರಿಗೆ ಬರುವುದು ಅದೊಂದೇ.

ಎದುರಿನ ಚಹಾದಂಗಡಿಯ ಶಾಮೀದಸಾಬ ಬೆಳಗಿನಿಂದ ಅವರನ್ನು ಕೆಣಕುತ್ತಲೇ ಇದ್ದಾರೆ. ಹಾಗಿದ್ದರೂ ಗುಂಡಿಯ ಬಾಯಿಗೆ ಅಡ್ಡಲಾಗಿ ತಮ್ಮ ಅಂಗಡಿಯ ಬೆಂಚು ಎಳೆದಿಟ್ಟು, ಬೈಕುಗಳು ಅತ್ತ ಬರದಂತೆ ನೋಡಿಕೊಂಡವರೂ ಅವರೇ.

"ಏನಪಾ ಮಾಳಿಂಗಪ್ಪ, ಖಜಾನಾ ಸಿಕ್ತೇನು?"

"ಸಿಕ್ಕರ ನಿನಗ ಹೇಳ್ತೀನೇನು ಸಾಬ?"

"ಖಜಾನಾ ನೀನೇ ಇಟ್ಕೋ. ನನ್ನ ಟೀವಿ ಸರಿ ಮಾಡಿಕೊಡು. ಮುಂಜಾನಿಂದ ನಿಂತು ನಿಂತು ಬರಾಕತ್ತದ. ಕ್ರಿಕೆಟ್ ನೋಡಾಕ ಬಂದೋರು ಚಾ ಕುಡೀದೇ ಹೊಂಟಾರ."

ಮಾಳಿಂಗಪ್ಪನವರ ಕೈ ನಿಲ್ಲುತ್ತದೆ. "ನಿಂದೂ ನಿಲ್ಲಾಕತ್ತದೇನು? ಮುಂಜಾನಿಂದಾನೇ?"

ಶಾಮೀದಸಾಬರ ಟೀವಿ ಓಡುವುದು ಇಂಟರ್ನೆಟ್ಟಿನಲ್ಲಿ, ಅದೇ ಕೇಬಲ್ಲಿನ ಪಕ್ಕದ ಜೋಡಿಯಲ್ಲಿ. ಒಂದೊಂದು ಲೈನಿಗೂ ಒಂದೊಂದು ಜೋಡಿ ತಂತಿ; ಆ ಎರಡೂ ಒಂದಕ್ಕೊಂದು ಹುರಿಗೊಂಡಿದ್ದರೆ ಮಾತ್ರ ಪಕ್ಕದ ಲೈನಿನ ಗದ್ದಲ ಒಳಗೆ ನುಗ್ಗುವುದಿಲ್ಲ. ಲಲಿತಾ ಅವರ ಲೈನಿಗೆ ಹೊಸ ತುಂಡಿನಲ್ಲಿ ಕೊಟ್ಟದ್ದು ಕಿತ್ತಳೆ ಮತ್ತು ಬಿಳಿಯ ಜೋಡಿ. ಸಾಬರದು ಕಂದು ಮತ್ತು ಬಿಳಿ. ಬಿಳಿಗಳೆರಡೂ ನೋಡಲು ಒಂದೇ. ಹುರಿ ಜಾಸ್ತಿ ಬಿಚ್ಚಿದರೆ ಯಾವ ಬಿಳಿ ಯಾರ ಜೊತೆಗಾರ ಎಂಬುದು ಮರೆತುಹೋಗುತ್ತದೆ. ಟಾರ್ಚಿನ ಬೆಳಕಿನಲ್ಲಿ, ಅವಸರದಲ್ಲಿ, ಮಾಳಿಂಗಪ್ಪ ಈ ತುದಿಯಲ್ಲಿ ಬಿಳಿಗಳನ್ನು ಅದಲುಬದಲು ಹಿಡಿದಿದ್ದಾರೆ. ಆ ತುದಿಯಲ್ಲಿ ಮೀಟರ್ ಕೂಗಿದ ತಂತಿಯನ್ನೇ ಹುಡುಕಿ ಸೇರಿಸಿದ್ದಾರೆ. ಹೀಗಾಗಿ ತಂತಿ ತುದಿಯಿಂದ ತುದಿಗೆ ಸರಿಯಾಗಿಯೇ ಮುಟ್ಟಿದೆ, ಮೀಟರಿಗೂ ತಪ್ಪು ಕಂಡಿಲ್ಲ. ಆದರೆ ಓಣಿಯುದ್ದಕ್ಕೂ ಒಬ್ಬರ ಜೊತೆಗಾರ ಇನ್ನೊಬ್ಬರ ಹುರಿಯಲ್ಲಿ ಸುತ್ತಿಕೊಂಡಿದ್ದಾನೆ. ಸಾಬರ ಕ್ರಿಕೆಟ್ಟಿನ ಗದ್ದಲ ನಿಗಾರಳ ಲೈನಿಗೆ, ಅವಳದು ಸಾಬರಿಗೆ.

"ನನ್ನದೇ ತಪ್ಪು," ಎನ್ನುತ್ತಾ ಅವರು ಚಾಕು ತೆಗೆದು ಜಾಯಿಂಟ್ ಬಿಚ್ಚುತ್ತಾರೆ. ಈಗ ಕಣ್ಣನ್ನಷ್ಟೇ ನಂಬುವುದಿಲ್ಲ. ಕಿತ್ತಳೆಯನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯುತ್ತಾರೆ, ಅದರೊಂದಿಗೆ ಬುಡದಲ್ಲಿ ಅಲುಗಿದ ಬಿಳಿಯೇ ಅದರ ಜೊತೆಗಾರ. "ಗಂಜಿ ಆರಿ ಎಳಿ ಅಂಟಿಕೊಂಡಿದ್ರ ನಮ್ಮವ್ವ ಹಿಂಗೇ ಎಳೆದು ನೋಡ್ತಿದ್ಲು. ಕಣ್ಣಿಗೆ ಕಾಣದಿದ್ದದ್ದು ಬೆರಳಿಗೆ ಗೊತ್ತಾಗ್ತದ ಅಂತಿದ್ಲು." ಈ ತುದಿ ಮುಗಿಸಿ ಆ ತುದಿಗೆ ಓಡುತ್ತಾರೆ. ಶಾಮೀದಸಾಬ ಯಾರೂ ಹೇಳದೆ ಟೀವಿ ಆರಿಸಿ, ಗೊಣಗುವ ಗಿರಾಕಿಗಳಿಗೆ ಕೈ ಅಡ್ಡ ಹಿಡಿದು ನಿಂತಿದ್ದಾರೆ: "ಸ್ಕೋರ್ ನಾಳೆ ಪೇಪರಿನಾಗ ಬರ್ತದ. ಆ ಹುಡುಗಿದು ಇವತ್ತೇ ಅದ."

ಹತ್ತಕ್ಕೆ ಇನ್ನೇನು ಸ್ವಲ್ಪವೇ ಇರುವಾಗ ಕೋಣೆಯಿಂದ ಲಲಿತಾ ಕೂಗುತ್ತಾರೆ, "ಹತ್ತಿತು ಕಾಕಾ! ಆರವಲ್ದು, ಗಟ್ಟಿ ನಿಂತದ!"

ಮಾಳಿಂಗಪ್ಪ ಒಳಗೆ ಹೋಗುವುದಿಲ್ಲ. ಬಾಗಿಲಿನ ಸಂದಿಯಿಂದ ಕಾಣುವಷ್ಟೇ ನೋಡುತ್ತಾರೆ. ನಿಗಾರಳ ಕೈಗಳು ಗಾಳಿಯಲ್ಲಿ ಸೂಜಿಗೆ ದಾರ ಪೋಣಿಸುತ್ತವೆ, ಬಟ್ಟೆ ಮಡಚುತ್ತವೆ, ಏನೋ ವಾದಿಸುತ್ತವೆ. ಪರದೆಯೊಳಗಿನ ಹೆಂಗಸು ನಡುವೆ ನಗುತ್ತಾಳೆ, ಮರುಪ್ರಶ್ನೆ ಹಾಕುತ್ತಾಳೆ. ಒಂದು ಸಲವೂ, ಇನ್ನೊಮ್ಮೆ ತೋರಿಸು ಎನ್ನುವುದಿಲ್ಲ. ಕೆಲಸ ಯಾರಿಗೆಂದು ತಿಳಿಯುವುದು ಇನ್ನೊಂದು ವಾರಕ್ಕೆ.

ಬೆಂಚಿನ ತುದಿಯಲ್ಲಿ ಕುಳಿತರೂ ಮಾಳಿಂಗಪ್ಪನವರ ಮೊಣಕಾಲು ಅಲುಗುತ್ತಲೇ ಇದೆ. ನಿಮಗೇನಾದರೂ ಆಸೆ ಉಂಟೇ ಎಂದರೆ ಓಣಿಯ ತುದಿಯತ್ತ ನೋಡುತ್ತಾರೆ. "ಫೈಬರ್ ಬರಲಿ, ಬ್ಯಾಡ ಅನ್ನಂಗಿಲ್ಲ. ಆದರ ಅದು ಬಂದು, ಎರಡೂ ದಾರಿ ಗಟ್ಟಿ ಆದ ಮ್ಯಾಲೇ ಈ ತಾಮ್ರ ಕೀಳಬೇಕು. ಕೀಳೋ ದಿನ ನನ್ನನ್ನೇ ಕರೀಲಿ. ಜೋಡಿ ಹಾಕಿದ ಕೈಲೇ ಬಿಚ್ಚತೀನಿ."

ಸಂದರ್ಶನ ಮುಗಿಸಿದ ನಿಗಾರ್ ಹೊರಗೆ ಬರುತ್ತಾಳೆ. ಒಂದು ಕೈಯಲ್ಲಿ ಅವಳ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ನೀರಿನ ತಂಬಿಗೆ. ಡಬ್ಬಿಯನ್ನು ಅವರತ್ತ ಚಾಚುತ್ತಾಳೆ. ಜೆಲ್ಲಿ ಮೆತ್ತಿದ ತಮ್ಮ ಬೆರಳು ತೋರಿಸಿ ಮಾಳಿಂಗಪ್ಪ ಬೇಡವೆಂದು ತಲೆಯಾಡಿಸುತ್ತಾರೆ. ಅವಳು ಅಂಗೈ ಎತ್ತಿ, ತಡಿ ಎನ್ನುತ್ತಾಳೆ. ಶಾಮೀದಸಾಬರ ಸೋಪು ತಂದು, ನೀರು ಹನಿಸಿ, ಅವರು ಕೈ ತೊಳೆಯುವವರೆಗೂ ಬಗ್ಗಿ ನಿಲ್ಲುತ್ತಾಳೆ. ಆಮೇಲೆ ಡಬ್ಬಿ ತೆರೆದು, ಪುಂಡಿಸೊಪ್ಪಿನ ಪಲ್ಯ ಹಚ್ಚಿ ಮಡಚಿದ ಜೋಳದ ರೊಟ್ಟಿಯನ್ನು ಅವರ ಒದ್ದೆ ಅಂಗೈಯಲ್ಲಿ ಇಡುತ್ತಾಳೆ.